ಓದುಗರ ಪ್ರಶ್ನೆ: ಆಂಪ್ ದೊಡ್ಡದಾಯ್ತೋ, ಸಬ್‌ವೂಫರ್ ಚಿಕ್ಕದಾಯ್ತೋ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಕಾರಿನ ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ದನಿ ನುಡಿಸುವ ದೊಡ್ಡ ಸ್ಪೀಕರ್) ಸುಟ್ಟುಹೋಯಿತು, ಇಲ್ಲವೇ ಸುಟ್ಟುಹೋಗುತ್ತದೆಯೋ ಎಂಬ ಭಯ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಡೀ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. ಸ್ಪೀಕರ್ ರಿಪೇರಿ ನನ್ನ ಕಸುಬು. ಕೆಟ್ಟ ಸಬ್‌ವೂಫರ್ ಬಿಚ್ಚಿ ಒಳಗೆ ನೋಡುವುದು ನನಗೆ ದಿನದ ಕೆಲಸ. ಅಲ್ಲಿ ಕಂಡದ್ದನ್ನೇ ಬರೆದಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ 12 ಇಂಚಿನ ಸಬ್‌ವೂಫರ್ ಇದೆ. ರಟ್ಟಿನ ಡಬ್ಬದ ಮೇಲೆ ದೊಡ್ಡದಾಗಿ 1200 ವಾಟ್ ಅಂತ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ 300 ವಾಟ್ ಅಂತ ಇದೆ. ಒಬ್ಬರು 1200 ವಾಟ್‌ನ ಆಂಪ್ (ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಹಾಕು ಅಂತಾರೆ. ಇನ್ನೊಬ್ಬರು ಚಿಕ್ಕ ಆಂಪ್ ಹಾಕಿದರೆ ಯಾವತ್ತೂ ಅಪಾಯವಿಲ್ಲ, 200 ವಾಟ್ ಸಾಕು ಅಂತಾರೆ. ಯಾರ ಮಾತು ಕೇಳಲಿ ಸರ್?

ಉತ್ತರ: ಇಬ್ಬರ ಮಾತೂ ಬೇಡ. ನೀವು ನೋಡಬೇಕಾದದ್ದು ಆ ಸಣ್ಣ ಅಕ್ಷರದ 300 ಮಾತ್ರ. ಸಬ್‌ವೂಫರ್ ಹೊತ್ತುಗಟ್ಟಲೆ ತಾಳಿಕೊಳ್ಳುವ ಶಕ್ತಿ ಅದು. 1200 ಎನ್ನುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದು ಹೋಗುವ ಶಕ್ತಿ. ಅದನ್ನು ನಂಬಿ ಆಂಪ್ ಕೊಳ್ಳಬೇಡಿ.

ಆಂಪ್ ಕಡೆಗೂ ಇದೇ ಮಾತು. ಡಬ್ಬದ ಮೇಲಿನ ಸಂಖ್ಯೆ ನಿಜವೋ ಸುಳ್ಳೋ ಅಂತ ಅನುಮಾನ ಬಂದರೆ ಆಂಪ್‌ನ ಮೈಮೇಲೆ ಇರುವ ಫ್ಯೂಸ್ ನೋಡಿ. ಒಂದೇ ಒಂದು 30 ಆಂಪಿಯರ್ ಫ್ಯೂಸ್ ಇದೆ ಅಂದುಕೊಳ್ಳಿ. 30 ಅನ್ನು 13.8 ವೋಲ್ಟ್‌ನಿಂದ ಗುಣಿಸಿದರೆ 414 ವಾಟ್ ಆಯಿತು. ಅದು ಒಳಗೆ ಹೋಗುವ ಶಕ್ತಿ. ಒಳ್ಳೆಯ ಕ್ಲಾಸ್ ಡಿ ಆಂಪ್ (ಕಡಿಮೆ ಬಿಸಿಯಾಗುವ ಬಗೆಯದು) ಅದರಲ್ಲಿ ನೂರಕ್ಕೆ 80ರಷ್ಟನ್ನು ಸ್ಪೀಕರ್‌ಗೆ ಕೊಡುತ್ತದೆ, ಅಂದರೆ ಸುಮಾರು 330. ಅಂಥ ಆಂಪ್ ಹೊತ್ತುಗಟ್ಟಲೆ 1200 ವಾಟ್ ಕೊಡುವುದಕ್ಕೆ ಸಾಧ್ಯವೇ ಇಲ್ಲ. ಇನ್ನೊಂದು ಗುರುತು ಸಿಟಿಎ-2006 ಎಂಬ ಬರಹ. ಮೊದಲು ಅದನ್ನೇ ಸಿಇಎ-2006 ಎನ್ನುತ್ತಿದ್ದರು. 14.4 ವೋಲ್ಟ್‌ನಲ್ಲಿ, 4 ಓಮ್‌ಗೆ (ಓಮ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ), ಶೇಕಡಾ 1ಕ್ಕಿಂತ ಜಾಸ್ತಿ ದನಿ ಕೆಡದ ಹಾಗೆ ಎಷ್ಟು ವಾಟ್ ಬರುತ್ತದೆ ಅಂತ ಅಳೆದು ಹೇಳಬೇಕೆಂಬ ನಿಯಮ ಅದು. ಆ ಗುರುತು ಇದ್ದರೆ ಸಂಖ್ಯೆಯನ್ನು ನಂಬಬಹುದು.

ಈಗ ‘ಚಿಕ್ಕದು ಹಾಕಿದರೆ ಅಪಾಯವಿಲ್ಲ’ ಎಂಬ ಮಾತು. ನನ್ನ ಮೇಜಿನ ಖಾನೆಯಲ್ಲಿ ಒಂದು ಸುಟ್ಟ ವಾಯ್ಸ್ ಕಾಯಿಲ್ ಇದೆ. ಸ್ಪೀಕರಿನ ಕೋನನ್ನು, ಅಂದರೆ ಬಟ್ಟಲಿನಂಥ ಹಾಳೆಯನ್ನು, ಹಿಂದೆ ಮುಂದೆ ಕುಣಿಸುವ ತಂತಿಯ ಸುರುಳಿ ಅದು. ಬಂದವರಿಗೆ ತೋರಿಸಲಿಕ್ಕೆಂದೇ ಇಟ್ಟುಕೊಂಡಿದ್ದೇನೆ. ಹೊಸ ಕಾಯಿಲ್‌ನ ತಾಮ್ರದ ತಂತಿ ಜೇನಿನ ಬಣ್ಣಕ್ಕಿರುತ್ತದೆ. ಇದರದ್ದು ನಡುವೆ ಕಪ್ಪು, ಅಂಚಿನ ಕಡೆ ಕಂದು. ತಂತಿ ಸುತ್ತಿದ ತೆಳು ಕೊಳವೆ ಒಂದು ಕಡೆ ಉಬ್ಬಿಕೊಂಡಿದೆ. ಅಂಟು ಕರಗಿ ನಾಲ್ಕು ಸುತ್ತು ತಂತಿ ಬಿಚ್ಚಿ, ಮ್ಯಾಗ್ನೆಟ್‌ನ ಸಂದಿಗೆ ಉಜ್ಜಿ ಉಜ್ಜಿ ಹೊಳೆಯುತ್ತಿದೆ. ಅದು 300 ವಾಟ್‌ನ ಸಬ್‌ವೂಫರ್. ಅದಕ್ಕೆ ಕೂಡಿಸಿದ್ದ ಆಂಪ್ 200 ವಾಟ್‌ನದು!

ಆದದ್ದು ಇಷ್ಟು. ಆಂಪ್ ಕೊಡುವ ವೋಲ್ಟೇಜಿಗೆ ಒಂದು ಮಿತಿ ಇರುತ್ತದೆ. ಮಿತಿ ಮೀರಿ ಕೇಳಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಇದಕ್ಕೇ ಕ್ಲಿಪ್ಪಿಂಗ್ ಎನ್ನುವುದು. ಪೂರ್ತಿ ಚಪ್ಪಟೆಯಾದ ಅಲೆಯಲ್ಲಿ, ಅಷ್ಟೇ ಎತ್ತರದ ದುಂಡನೆಯ ಅಲೆಗಿಂತ ಎರಡು ಪಟ್ಟು ಶಕ್ತಿ ಇರುತ್ತದೆ. ಹಾಗಾಗಿ 200 ವಾಟ್‌ನ ಆಂಪ್ ವಿಪರೀತ ಕ್ಲಿಪ್ ಆದಾಗ 400 ವಾಟ್‌ನ ಹತ್ತಿರಕ್ಕೆ ಹೋಗಬಲ್ಲದು. ಜೊತೆಗೆ ಹಾಡಿನಲ್ಲಿ ಪೆಟ್ಟಿಗೂ ಪೆಟ್ಟಿಗೂ ನಡುವೆ ಬಿಡುವು ಇರುತ್ತದಲ್ವಾ, ಕಾಯಿಲ್ ಆರುವುದು ಆ ಬಿಡುವಿನಲ್ಲೇ. ವಾಲ್ಯೂಮ್ ಏರಿಸುತ್ತಾ ಹೋದಂತೆ ಪೆಟ್ಟು ಅಲ್ಲೇ ನಿಲ್ಲುತ್ತದೆ, ಬಿಡುವಿನ ಸಣ್ಣ ಸದ್ದುಗಳು ಮಾತ್ರ ಏರುತ್ತಾ ಬರುತ್ತವೆ. ಆರುವ ಹೊತ್ತು ತುಂಬಿಹೋಗುತ್ತದೆ.

ಕ್ಲಿಪ್ ಆದಾಗ ಡಿಸಿ ಕರೆಂಟ್ ಹರಿದು ಕಾಯಿಲ್ ಸುಡುತ್ತದೆ ಎಂದು ಹಲವರು ಹೇಳುತ್ತಾರೆ. ಅದು ತಪ್ಪು. ಸುಡುವುದು ಬರೀ ಜಾಸ್ತಿ ಶಕ್ತಿಯ ಬಿಸಿಯಿಂದ. ಅದೇ ಕಾರಣಕ್ಕೆ 50 ವಾಟ್‌ನ ಆಂಪ್ ಎಷ್ಟೇ ಕ್ಲಿಪ್ ಆದರೂ 300 ವಾಟ್‌ನ ಸಬ್‌ವೂಫರನ್ನು ಸುಡುವುದು ಕಷ್ಟ. ಅಪಾಯ ಇರುವುದು ಹೆಚ್ಚುಕಡಿಮೆ ಸಮಕ್ಕೆ ಬರುವ ಆಂಪ್‌ನಲ್ಲಿ, ‘ಇನ್ನೂ ಸ್ವಲ್ಪ’ ಅಂತ ಏರಿಸುವ ಕೈಯಲ್ಲಿ.

ನಿಮಗೆ ನನ್ನ ಸಲಹೆ: 300ರಿಂದ 450 ವಾಟ್ ಆರ್‌ಎಂಎಸ್ ನಿಜವಾಗಿ ಕೊಡುವ ಆಂಪ್ ತೆಗೆದುಕೊಳ್ಳಿ. ಆಂಪ್ ಸ್ವಲ್ಪ ದೊಡ್ಡದಿದ್ದರೆ ಸಲೀಸಾಗಿ ಕೆಲಸ ಮಾಡುತ್ತದೆ. ಆದರೆ ಗೇನ್ ಅನ್ನು ಅಳೆದೇ ಇಡಬೇಕು. ಅದು ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ಆಂಪ್‌ನ ಗೇನ್ ಎಷ್ಟಕ್ಕೆ ಇಡಬೇಕು? ಹಾಕಿಕೊಟ್ಟವರು ಹಾಡು ಹಾಕಿ, ಕಿವಿಗೊಟ್ಟು ಕೇಳಿ, ಮುಕ್ಕಾಲು ಭಾಗಕ್ಕೆ ತಿರುಗಿಸಿ ಬಿಟ್ಟರು. ಸರಿಯೇ? ನನ್ನ ಸಬ್‌ವೂಫರ್ 300 ವಾಟ್, ಎರಡು 4 ಓಮ್ ಕಾಯಿಲ್ ಇರುವಂಥದ್ದು. ಪ್ಯಾರಲಲ್ ಮಾಡಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) 2 ಓಮ್‌ಗೆ ಕೂಡಿಸಿದ್ದಾರೆ. ಆಂಪ್ 2 ಓಮ್‌ಗೆ 500 ವಾಟ್ ಕೊಡುತ್ತದಂತೆ.

ಉತ್ತರ: ಓಮ್ ಲೆಕ್ಕ, ವಾಟ್ ಲೆಕ್ಕ ಎಲ್ಲವನ್ನೂ ಬರೆದು ಕಳಿಸಿದ್ದೀರಿ, ತುಂಬಾ ಸಂತೋಷ. ಉತ್ತರ ಕೊಡುವುದು ಸುಲಭವಾಯಿತು.

ಕಿವಿಗೊಟ್ಟು ಇಡುವುದು ಸರಿಯಲ್ಲ. ಗೇನ್ ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರುವ ಸಣ್ಣ ವೋಲ್ಟೇಜಿಗೆ ಆಂಪನ್ನು ಹೊಂದಿಸುವ ತಿರುಪು ಅದು. ಕೆಲವು ಸ್ಟೀರಿಯೊ 2 ವೋಲ್ಟ್ ಕೊಡುತ್ತವೆ, ಕೆಲವು 4 ಅಥವಾ 5. ಒಂದಕ್ಕೆ ಮುಕ್ಕಾಲು ಸರಿಹೋದರೆ ಇನ್ನೊಂದಕ್ಕೆ ಕಾಲು ಭಾಗವೇ ವಿಪರೀತ ಆಗುತ್ತದೆ. ಬೇಸ್‌ನಲ್ಲಿ ಆಗುವ ಕ್ಲಿಪ್ಪಿಂಗ್ ಕಿವಿಗೆ ಬೇಗ ಗೊತ್ತಾಗುವುದೂ ಇಲ್ಲ. ಎಷ್ಟೋ ಜನರಿಗೆ ಅದು ‘ಪಂಚ್ ಜಾಸ್ತಿಯಾಯಿತು’ ಅನ್ನಿಸುತ್ತದೆ.

ಬೇಕಾಗಿರುವುದು ಸಾಧಾರಣ ಮಲ್ಟಿಮೀಟರ್ ಒಂದು, 50 ಹರ್ಟ್ಸ್‌ನ ಪರೀಕ್ಷಾ ನಾದ ಒಂದು. ನಾದ 0 ಡೆಸಿಬೆಲ್‌ನಲ್ಲಿ ಧ್ವನಿಮುದ್ರಿಸಿದ್ದಿರಲಿ. 50 ಹರ್ಟ್ಸ್ ಯಾಕೆಂದರೆ ಸಾಧಾರಣ ಮೀಟರ್‌ಗಳು ಆ ಆವರ್ತನದ ಎಸಿ ವೋಲ್ಟೇಜನ್ನು ಸರಿಯಾಗಿ ತೋರಿಸುತ್ತವೆ.

ಮೊದಲು ಲೆಕ್ಕ. ವಾಟ್ ಅನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ನಿಮಗೆ ಬೇಕಾದದ್ದು 300 ವಾಟ್, ಓಮ್ 2. ಗುಣಿಸಿದರೆ 600, ವರ್ಗಮೂಲ ಸುಮಾರು 24.5. ನಿಮ್ಮ ಮೀಟರ್ 24.5 ವೋಲ್ಟ್ ತೋರಿಸಿದ ಕಡೆ ನಿಲ್ಲಬೇಕು. ನಿಮ್ಮ ಆಂಪ್‌ನ ಮಿತಿ 500 ವಾಟ್, ಅಂದರೆ 31.6 ವೋಲ್ಟ್. ಅದಕ್ಕಿಂತ ಸಾಕಷ್ಟು ಕೆಳಗೇ ಇದ್ದೀರಿ, ಹಾಗಾಗಿ ಕ್ಲಿಪ್ ಆಗುವ ಭಯ ಇಲ್ಲ. ಆಂಪ್ ಸಬ್‌ವೂಫರಿಗಿಂತ ಚಿಕ್ಕದಿದ್ದವರು ಇದೇ ಲೆಕ್ಕದಲ್ಲಿ ಆಂಪ್‌ನ ವಾಟ್ ಹಾಕಬೇಕು. 2 ಓಮ್‌ಗೆ 200 ವಾಟ್ ಕೊಡುವ ಆಂಪ್ ಆದರೆ 20 ವೋಲ್ಟ್‌ಗೇ ನಿಲ್ಲಿಸಬೇಕು.

ಇನ್ನು ಕೆಲಸ. ಕಾರನ್ನು ಗಾಳಿಯಾಡುವ ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್‌ನಲ್ಲಿ ಬೇಡವೇ ಬೇಡ, ಎಂಜಿನ್ ಓಡುತ್ತಿರಬೇಕು, ಹೊಗೆ ತುಂಬಿದರೆ ಜೀವಕ್ಕೇ ಅಪಾಯ. ಸಬ್‌ವೂಫರ್‌ಗೆ ಹೋಗುವ ಎರಡೂ ತಂತಿಗಳನ್ನು ಆಂಪ್‌ನಿಂದ ಬಿಚ್ಚಿ. ಬೇರೆ ಸ್ಪೀಕರ್‌ಗಳಿಗೂ ಈ ನಾದ ಹೋಗದ ಹಾಗೆ ನೋಡಿಕೊಳ್ಳಿ. ಗೇನ್ ಪೂರ್ತಿ ಕೆಳಗೆ. ಬೇಸ್ ಬೂಸ್ಟ್, ಲೌಡ್‌ನೆಸ್, ಈಕ್ವಲೈಸರ್ ಎಲ್ಲ ಸೊನ್ನೆಗೆ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಅದರ ಕಡ್ಡಿಗಳನ್ನು ಆಂಪ್‌ನ ಸ್ಪೀಕರ್ ತಿರುಪುಗಳಿಗೆ ಒತ್ತಿ ಹಿಡಿಯಿರಿ. ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲಿಗೆ ತನ್ನಿ, ಗರಿಷ್ಠ 40 ಇದ್ದರೆ 30ಕ್ಕೆ. ಈಗ ಸಣ್ಣ ಸ್ಕ್ರೂಡ್ರೈವರ್‌ನಿಂದ ಗೇನನ್ನು ಕೂದಲೆಳೆಯಷ್ಟಷ್ಟೇ ತಿರುಗಿಸಿ. ಶುರುವಿನಲ್ಲಿ ಅಂಕಿ ಮೆಲ್ಲಗೆ ಏರುತ್ತದೆ, 6, 9, 13. ಆಮೇಲೆ ಒಂದೇ ಸಲ ಓಡುತ್ತದೆ. 24ರ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು ತಿರುಗಿಸಬೇಕು. ಸಿಕ್ಕ ಮೇಲೆ ಆ ಜಾಗಕ್ಕೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದುಬಿಡಿ.

ಇನ್ನು ಮುಂದೆ 30 ನಿಮ್ಮ ವಾಲ್ಯೂಮಿನ ಕೊನೆ. ಇದನ್ನು ಮನೆಯವರಿಗೆಲ್ಲ ಹೇಳಿಡಿ. ಮತ್ತೆ, ಇಷ್ಟೆಲ್ಲ ಮಾಡಿದ ಮೇಲೆ ಬೇಸ್ ಬೂಸ್ಟ್ ಮುಟ್ಟಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. 3 ಡೆಸಿಬೆಲ್ ಏರಿಸಿದರೆ ಎರಡು ಪಟ್ಟು ಶಕ್ತಿ ಬೇಕು, 6 ಏರಿಸಿದರೆ ನಾಲ್ಕು ಪಟ್ಟು, 12 ಏರಿಸಿದರೆ ಸುಮಾರು 16 ಪಟ್ಟು. ನಾನು ಬೂಸ್ಟನ್ನು ಯಾರಿಗೂ ಹಾಕಿಕೊಡುವುದಿಲ್ಲ. ಕೇಳಿದವರಿಗೆ ಕಾರಣ ಹೇಳುತ್ತೇನೆ.

ಪ್ರಶ್ನೆ: ಎರಡು ಸಬ್‌ವೂಫರ್ ಇವೆ. ಒಂದೊಂದರಲ್ಲೂ ಎರಡೆರಡು 4 ಓಮ್ ಕಾಯಿಲ್. ಆಂಪ್ ಮೊನೊ (ಒಂದೇ ಚಾನೆಲ್‌ನದು), ‘ಕನಿಷ್ಠ 2 ಓಮ್’ ಎಂದು ಬರೆದಿದೆ. ಎಲ್ಲವನ್ನೂ ಪ್ಯಾರಲಲ್ ಮಾಡಿದ್ದೇನೆ. ಕಡಿಮೆ ವಾಲ್ಯೂಮಿನಲ್ಲಿ ಚೆನ್ನಾಗಿ ಬರುತ್ತದೆ, ಜಾಸ್ತಿ ಮಾಡಿದರೆ ಕೆಂಪು ಪ್ರೊಟೆಕ್ಟ್ ಲೈಟ್ ಹತ್ತಿ ನಿಂತುಬಿಡುತ್ತದೆ. ಆಂಪ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಇನ್ನೂ. ತನ್ನನ್ನು ತಾನು ಉಳಿಸಿಕೊಳ್ಳುತ್ತಿದೆ ಅಷ್ಟೇ. ನಾಲ್ಕು ಕಾಯಿಲ್ ಪ್ಯಾರಲಲ್ ಆದರೆ 4 ಓಮ್ ನಾಲ್ಕು ಭಾಗವಾಗಿ 1 ಓಮ್ ಆಯಿತು. 20 ವೋಲ್ಟ್‌ನಲ್ಲಿ 2 ಓಮ್‌ಗೆ 10 ಆಂಪಿಯರ್ ಹರಿದರೆ 1 ಓಮ್‌ಗೆ 20 ಹರಿಯುತ್ತದೆ. ಆಂಪ್ ಒಳಗಿನ ಟ್ರಾನ್ಸಿಸ್ಟರ್‌ಗಳು ಆ ಬಿಸಿಯನ್ನು ತಾಳಲಾರವು. ದಯವಿಟ್ಟು ಇವತ್ತೇ ತಂತಿ ಬದಲಿಸಿ.

ಒಂದೊಂದು ಸಬ್‌ವೂಫರಿನ ಎರಡು ಕಾಯಿಲ್‌ಗಳನ್ನು ಸೀರೀಸ್ ಮಾಡಿ. ಒಂದರ ಮೈನಸ್ಸಿನಿಂದ ಇನ್ನೊಂದರ ಪ್ಲಸ್ಸಿಗೆ ತುಂಡು ತಂತಿ. ಅಲ್ಲಿಗೆ 8 ಓಮ್. ಹೀಗೆ ಎರಡೂ 8 ಆದ ಮೇಲೆ ಅವೆರಡನ್ನೂ ಪ್ಯಾರಲಲ್ ಮಾಡಿದರೆ 4 ಓಮ್. 2 ಓಮ್ ಬರಲಿ ಎಂಬ ಆಸೆ ನಿಮಗಿರಬಹುದು. ಆದರೆ ಈ ಎರಡು ಸಬ್‌ವೂಫರ್‌ಗಳಿಗೆ ಸಮನಾಗಿ ಶಕ್ತಿ ಹಂಚುವ ಹಾಗೆ 2 ಓಮ್ ಮಾಡಲು ದಾರಿಯೇ ಇಲ್ಲ, 1 ಅಥವಾ 4, ಇಲ್ಲವೇ ಎಲ್ಲ ಸಾಲಾಗಿ 16. ಎರಡೆರಡು 2 ಓಮ್ ಕಾಯಿಲ್ ಇರುವ ಜೋಡಿಯಾಗಿದ್ದರೆ ಇದೇ ಜೋಡಣೆಯಲ್ಲಿ ಸರಿಯಾಗಿ 2 ಓಮ್ ಸಿಗುತ್ತಿತ್ತು. ಸಬ್‌ವೂಫರ್ ಕೊಳ್ಳುವ ಮೊದಲೇ ಆಂಪ್‌ನ ಕನಿಷ್ಠ ಓಮ್ ನೋಡಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

ತಂತಿ ಕೂಡಿಸಿದ ಮೇಲೆ, ಆಂಪ್‌ಗೆ ಸಿಗಿಸುವ ಮೊದಲು, ಎರಡು ತುದಿಗಳಿಗೆ ಮೀಟರ್ ಇಟ್ಟು ಓಮ್ ನೋಡಿ. 4 ಓಮ್‌ನ ಜೋಡಣೆ ಮೀಟರಿನಲ್ಲಿ 3.2ರಿಂದ 3.7ರ ಒಳಗೆ ಕಾಣುತ್ತದೆ. ಅದು ಸರಿ, ಗಾಬರಿ ಬೇಡ. ಮೀಟರ್ ಅಳೆಯುವುದು ಬರೀ ತಂತಿಯ ತಡೆಯನ್ನು. 1ರ ಹತ್ತಿರ ಏನಾದರೂ ಕಂಡರೆ ಎಲ್ಲೋ ಪ್ಯಾರಲಲ್ ಉಳಿದಿದೆ ಎಂದರ್ಥ. ಒಂದು ಸಬ್‌ವೂಫರಿನ ಪ್ಲಸ್-ಮೈನಸ್ ಅದಲುಬದಲಾಗಿದ್ದರೆ ಮಾತ್ರ ಓಮ್ ಸರಿಯಾಗಿಯೇ ತೋರಿಸುತ್ತದೆ, ಆದರೆ ಬೇಸೇ ಬರುವುದಿಲ್ಲ. ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗಿ ಗಾಳಿಯನ್ನು ನುಂಗುತ್ತದೆ. ಆ ಎರಡು ತುದಿಗಳಿಗೆ 1.5 ವೋಲ್ಟ್‌ನ ಸೆಲ್ ಒಂದು ಕ್ಷಣ ಮುಟ್ಟಿಸಿ. ಎರಡೂ ಕೋನ್ ಒಂದೇ ಕಡೆ ಸರಿಯಬೇಕು.

ಪ್ರಶ್ನೆ: ಎರಡು ಕಾಯಿಲ್ ಇರುವ ಸಬ್‌ವೂಫರಿಗೆ ಒಂದೇ ಕಾಯಿಲ್ ಕೂಡಿಸಿ ನಡೆಸಬಹುದೇ?

ಉತ್ತರ: ಬೇಡ. ಸದ್ದು ಬರುತ್ತದೆ, ಆದರೆ ತಾಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. 300ರದ್ದು 150ರದ್ದಾಯಿತು ಅಂದುಕೊಳ್ಳಿ. ಸುಟ್ಟಾಗ ಇನ್ನೊಂದು ಕಾಯಿಲ್ ಹೊಚ್ಚಹೊಸದಾಗಿಯೇ ಇರುವುದನ್ನು ಬಿಚ್ಚಿ ನೋಡಿ ನನಗೆ ಎಷ್ಟೋ ಸಲ ಬೇಸರವಾಗಿದೆ.

ಪ್ರಶ್ನೆ: ನಾಲ್ಕು ಚಾನೆಲ್‌ನ ಆಂಪ್ ಇದೆ. ಹಿಂದಿನ ಎರಡನ್ನು ಬ್ರಿಡ್ಜ್ ಮಾಡಿ (ಎರಡನ್ನೂ ಸೇರಿಸಿ ಒಂದಾಗಿಸಿ) 2 ಓಮ್‌ನ ಸಬ್‌ವೂಫರ್ ಹಾಕಲೇ? ಪುಸ್ತಕದಲ್ಲಿ ‘2 ಓಮ್ ಸ್ಟೀರಿಯೊ’ ಎಂದಿದೆ.

ಉತ್ತರ: ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೂ ಅರ್ಧ ಓಮ್ ಮಾತ್ರ ಕಾಣುತ್ತದೆ, ಅಂದರೆ ನಿಮ್ಮ 2 ಓಮ್‌ನಲ್ಲಿ 1. ಸ್ಟೀರಿಯೊದಲ್ಲಿ 2 ಓಮ್ ತಾಳುವ ಆಂಪ್‌ಗೆ ಬ್ರಿಡ್ಜ್‌ನಲ್ಲಿ 4 ಓಮ್ ಬೇಕು. 4 ಓಮ್‌ನ ಸಬ್‌ವೂಫರ್ ಹುಡುಕಿ.

ಪ್ರಶ್ನೆ: ನನ್ನದು ಪೋರ್ಟ್ (ಗಾಳಿ ಓಡಾಡುವ ಕಿಂಡಿ) ಇರುವ ಬಾಕ್ಸ್. ಸುಟ್ಟ ವಾಸನೆ ಏನೂ ಇಲ್ಲ, ವಾಟ್ ಲೆಕ್ಕವೂ ಸರಿಯಿದೆ. ಆದರೂ ಕೆಲವು ಹಾಡುಗಳಿಗೆ ಒಳಗಿನಿಂದ ‘ಟಕ್ ಟಕ್’ ಎಂಬ ಸದ್ದು. ಕೋನ್ ಕೂಡ ವಿಪರೀತ ಕುಣಿಯುತ್ತದೆ.

ಉತ್ತರ: ಸಬ್‌ವೂಫರ್ ಸಾಯುವುದು ಎರಡು ರೀತಿ. ಒಂದು ಬಿಸಿಗೆ, ಇನ್ನೊಂದು ಮಿತಿ ಮೀರಿದ ಕುಣಿತಕ್ಕೆ. ನಿಮ್ಮದು ಎರಡನೆಯದರ ದಾರಿಯಲ್ಲಿದೆ. ಆ ‘ಟಕ್’ ಸದ್ದು ಕಾಯಿಲ್‌ನ ತಳ ಹಿಂದಿನ ಕಬ್ಬಿಣಕ್ಕೆ ಬಡಿಯುವುದು. ಇನ್ನೂ ಹತ್ತಾರು ಸಲ ಬಡಿದರೆ ಕಾಯಿಲ್‌ನ ಕೊಳವೆ ಸೊಟ್ಟಗಾಗುತ್ತದೆ.

ಮುಚ್ಚಿದ ಬಾಕ್ಸ್‌ನಲ್ಲಿ ಒಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಕೋನನ್ನು ಹಿಡಿದುಕೊಳ್ಳುತ್ತದೆ. ಪೋರ್ಟ್ ಬಾಕ್ಸ್‌ನಲ್ಲಿ ಹಾಗಲ್ಲ. ಬಾಕ್ಸ್ 35 ಹರ್ಟ್ಸ್‌ಗೆ ಟ್ಯೂನ್ ಆಗಿದ್ದರೆ, ಅಂದರೆ ಪೋರ್ಟ್ ಜೋರಾಗಿ ನುಡಿಯುವ ನಾದ ಅದಾಗಿದ್ದರೆ, ಅದಕ್ಕಿಂತ ಕೆಳಗಿನ ನಾದಕ್ಕೆ ಗಾಳಿ ಪೋರ್ಟ್‌ನಿಂದ ಸರಾಗವಾಗಿ ಆಚೀಚೆ ಓಡಾಡುತ್ತದೆ. ಕೋನಿಗೆ ಹಿಡಿತವೇ ಇರುವುದಿಲ್ಲ. ಕೇಳುವ ಸದ್ದು ಕಡಿಮೆ, ಕುಣಿತ ಮಾತ್ರ ಜಾಸ್ತಿ. ಆಂಪ್‌ನಲ್ಲಿ ತೀರಾ ತಗ್ಗಿನ ನಾದವನ್ನು ತಡೆಯುವ ಸಬ್‌ಸಾನಿಕ್ ಎಂಬ ತಿರುಪು ಇದ್ದರೆ ಅದನ್ನು ಟ್ಯೂನಿಂಗ್‌ಗಿಂತ ಐದಾರು ಹರ್ಟ್ಸ್ ಕೆಳಗೆ, 35ರ ಬಾಕ್ಸ್ ಆದರೆ 30ರ ಹತ್ತಿರ ಇಡಿ. ಬಾಕ್ಸ್ ಎಷ್ಟಕ್ಕೆ ಟ್ಯೂನ್ ಆಗಿದೆ ಅಂತ ಮಾಡಿಕೊಟ್ಟವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಬೇರೆ ಬೇರೆ ನಾದಗಳನ್ನು ಮೆಲ್ಲಗೆ ನುಡಿಸಿ ಕೋನ್ ನೋಡಿ. ಯಾವ ನಾದಕ್ಕೆ ಕೋನ್ ಹೆಚ್ಚುಕಡಿಮೆ ನಿಂತೇಬಿಟ್ಟು, ಪೋರ್ಟ್‌ನಿಂದ ಗಾಳಿ ಜೋರಾಗಿ ಬರುತ್ತದೋ ಅದೇ ಟ್ಯೂನಿಂಗ್.

ಪ್ರಶ್ನೆ: ಪ್ರತಿ ಪೆಟ್ಟಿಗೂ ಹೆಡ್‌ಲೈಟ್ ಮಂಕಾಗುತ್ತದೆ. ಕೆಪಾಸಿಟರ್ ಹಾಕಿಸಿದರೆ ಸರಿಹೋಗುತ್ತದೆಯೇ? ಇದರಿಂದ ಸಬ್‌ವೂಫರಿಗೆ ಏನಾದರೂ ತೊಂದರೆಯೇ?

ಉತ್ತರ: ತೊಂದರೆ ಇದೆ, ಇದನ್ನು ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನ ಕಾರ್ ಆಂಪ್‌ಗಳಲ್ಲಿ ಬ್ಯಾಟರಿ ವೋಲ್ಟೇಜ್ ಇಳಿದರೆ ಕ್ಲಿಪ್ ಆಗುವ ಮಿತಿಯೂ ಇಳಿಯುತ್ತದೆ. 13.8 ವೋಲ್ಟ್‌ನಲ್ಲಿ ಮಿತಿಯ ಅಂಚಿಗೆ ಇಟ್ಟ ಗೇನ್ 11.5ಕ್ಕೆ ಬಂದಾಗ ತಪ್ಪಾಗಿಬಿಡುತ್ತದೆ.

500 ವಾಟ್ ಕೊಡುವ ಆಂಪ್, ನೂರಕ್ಕೆ 80ರ ಲೆಕ್ಕದಲ್ಲಿ, 625 ವಾಟ್ ಎಳೆಯುತ್ತದೆ. 13.8ರಿಂದ ಭಾಗಿಸಿದರೆ 45 ಆಂಪಿಯರ್. ಇದಕ್ಕೆ 4 ಗೇಜಿನ ತಾಮ್ರದ ತಂತಿ ಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ತಂತಿಯಾದರೆ ಇನ್ನೂ ದಪ್ಪನೆಯದು. ಚಾಕುವಿನಿಂದ ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ಬ್ಯಾಟರಿಯಿಂದ 18 ಇಂಚಿನ ಒಳಗೇ ಫ್ಯೂಸ್ ಇರಲಿ. ಆ ಫ್ಯೂಸ್ ಇರುವುದು ಆಂಪ್‌ಗಾಗಿ ಅಲ್ಲ, ತಂತಿ ಎಲ್ಲಾದರೂ ಉಜ್ಜಿ ಕಾರಿನ ಲೋಹದ ಮೈಗೆ ತಗುಲಿದರೆ ಕಾರು ಹೊತ್ತಿಕೊಳ್ಳದಿರಲಿ ಅಂತ.

ಹಾಡು ಓಡುತ್ತಿರುವಾಗ ಬ್ಯಾಟರಿಯಲ್ಲಿ ಒಮ್ಮೆ, ಆಂಪ್‌ನ ತಿರುಪುಗಳಲ್ಲಿ ಒಮ್ಮೆ ವೋಲ್ಟ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್‌ಗಿಂತ ಜಾಸ್ತಿ ಇದ್ದರೆ ತಂತಿ ಅಥವಾ ಗ್ರೌಂಡ್ (ಕಾರಿನ ಲೋಹದ ಮೈಗೆ ಬಿಗಿಯುವ ಮೈನಸ್ ತಂತಿ) ಸರಿಯಿಲ್ಲ. ಬಹಳ ಸಲ ಗ್ರೌಂಡೇ. ಬಣ್ಣದ ಮೇಲೇ ಬೋಲ್ಟ್ ಬಿಗಿದಿರುತ್ತಾರೆ. ಬಣ್ಣ ಕೆರೆದು, ಲೋಹ ಹೊಳೆಯುವ ತನಕ ಉಜ್ಜಿ, ಗಿಡ್ಡ ತಂತಿಯಲ್ಲಿ ಬಿಗಿಯಿರಿ. ಬ್ಯಾಟರಿಯಲ್ಲೇ ವೋಲ್ಟ್ ಕುಸಿಯುತ್ತಿದ್ದರೆ ಆಲ್ಟರ್ನೇಟರಿಗೆ ಭಾರ ಜಾಸ್ತಿಯಾಗಿದೆ. ಕೆಪಾಸಿಟರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಕ್ಷಣ ಹೊತ್ತು ಸಾಲ ಕೊಡುತ್ತದೆ ಅಷ್ಟೇ. ಅದರ ದುಡ್ಡನ್ನು ತಂತಿಗೆ ಹಾಕಿ.

ಪ್ರಶ್ನೆ: ನಿನ್ನೆ ರಾತ್ರಿ ದೂರದ ದಾರಿಯಲ್ಲಿ ಬರುವಾಗ ಸದ್ದು ತಾನಾಗಿಯೇ ಕಡಿಮೆಯಾದ ಹಾಗಾಯಿತು. ವಾಲ್ಯೂಮ್ ಏರಿಸಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ನಿಲ್ಲಿಸಿದೆ. ಬೆಳಿಗ್ಗೆ ಹಾಕಿದರೆ ನುಡಿಯುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು, ನಿಲ್ಲಿಸಿದಿರಲ್ಲ, ಅದು ದೊಡ್ಡ ಕೆಲಸ. ನಾನು ಹುಡುಗನಾಗಿದ್ದಾಗ ಅಣ್ಣನ ಕಾರಿನಲ್ಲಿ ಇದೇ ಆಗಿತ್ತು. ಸದ್ದು ಇಳಿಯಿತು, ನಾನು ಏರಿಸಿದೆ, ಮತ್ತೆ ಇಳಿಯಿತು, ಮತ್ತೆ ಏರಿಸಿದೆ. ಊರು ತಲುಪುವ ಹೊತ್ತಿಗೆ ಕೋನ್ ಕಲ್ಲಿನ ಹಾಗೆ ಹಿಡಿದುಕೊಂಡಿತ್ತು. ಅಣ್ಣ ಬಹಳ ದಿನ ದುಡ್ಡು ಕೂಡಿಟ್ಟು ತಂದಿದ್ದ ಸಬ್‌ವೂಫರ್ ಅದು. ಆವತ್ತೇ ಅದನ್ನು ಬಿಚ್ಚಿ ನೋಡಿದ್ದು ನನ್ನ ಮೊದಲ ರಿಪೇರಿ.

ತಾಮ್ರ ಬಿಸಿಯಾದಂತೆ ತಡೆ ಏರುತ್ತದೆ, ಪ್ರತಿ ಡಿಗ್ರಿಗೂ ಸುಮಾರು ಶೇಕಡಾ 0.39. ಕಾಯಿಲ್ 200 ಡಿಗ್ರಿ ಬಿಸಿಯೇರಿದರೆ 3.5 ಓಮ್ ಇದ್ದದ್ದು 6.2 ಆಗುತ್ತದೆ. ತಡೆ ಜಾಸ್ತಿಯಾದ ಮೇಲೆ ಆಂಪ್‌ನಿಂದ ಶಕ್ತಿ ಕಡಿಮೆ ಹರಿಯುತ್ತದೆ, ಸದ್ದು ಇಳಿಯುತ್ತದೆ. ಸದ್ದು ಇಳಿಯಿತು ಅಂದರೆ ಸಬ್‌ವೂಫರ್ ಬಿಡುವು ಕೇಳುತ್ತಿದೆ. ಆಗ ನಾವು ಏರಿಸುತ್ತೇವೆ.

ಈಗ ಮಾಡಬೇಕಾದದ್ದು. ಹಾಡು ಹಾಕಬೇಡಿ. ಸಬ್‌ವೂಫರಿನ ತಂತಿಗಳನ್ನು ಬಿಚ್ಚಿ. ಎರಡೂ ಕೈಯ ಬೆರಳುಗಳನ್ನು ಅಗಲವಾಗಿ ಬಿಡಿಸಿ, ಕೋನಿನ ನಡುವಿನಿಂದ ಸಮದೂರದಲ್ಲಿ ಇಟ್ಟು, ಹಿಟ್ಟು ತಟ್ಟುವಷ್ಟು ಮೆತ್ತಗೆ ಒಳಗೆ ಒತ್ತಿ ಬಿಡಿ. ಸೊಟ್ಟಗೆ ಒತ್ತಬೇಡಿ, ಚೆನ್ನಾಗಿರುವ ಕಾಯಿಲ್ ಕೂಡ ಉಜ್ಜುತ್ತದೆ. ಕಿವಿ ಹತ್ತಿರ ತನ್ನಿ. ಮರಳಿನ ಮೇಲೆ ಕಾಗದ ಎಳೆದ ಹಾಗೆ ‘ಸರ್’ ಎಂಬ ಸದ್ದು ಬಂದರೆ ಕೊಳವೆ ಉಬ್ಬಿದೆ, ಕಾಯಿಲ್ ಬದಲಿಸಲೇಬೇಕು.

ಸದ್ದು ಇಲ್ಲದಿದ್ದರೆ ಮೀಟರ್ ತೆಗೆದುಕೊಂಡು ಒಂದೊಂದು ಕಾಯಿಲ್‌ನ ಓಮ್ ನೋಡಿ. 4 ಓಮ್‌ನವಾದರೆ ಎರಡೂ 3.5ರ ಆಸುಪಾಸಿನಲ್ಲಿ, ಒಂದಕ್ಕೊಂದು ಹತ್ತಿರ ಇರಬೇಕು. ಒಂದು 3.5, ಇನ್ನೊಂದು 2 ಅಂತ ಬಂದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಂಥದ್ದನ್ನು ಮತ್ತೆ ಆಂಪ್‌ಗೆ ಕೂಡಿಸಬೇಡಿ, ಜೊತೆಗೆ ಆಂಪನ್ನೂ ತೆಗೆದುಕೊಂಡು ಹೋಗುತ್ತದೆ. ಎರಡೂ ಸರಿಯಿದ್ದರೆ ನಿಮ್ಮ ಸಬ್‌ವೂಫರ್ ಉಳಿದಿದೆ. ವಾಸನೆ ಎರಡು ಮೂರು ದಿನ ಬಾಕ್ಸ್‌ನ ಒಳಗೆ ಇರುತ್ತದೆ, ಅದಕ್ಕೆ ಹೆದರಬೇಡಿ. ಗೇನ್ ಅಳೆದು ಇಟ್ಟ ಮೇಲೆ ಕೂಡಿಸಿ, ಮೊದಲ ವಾರ ಅರ್ಧ ವಾಲ್ಯೂಮ್ ದಾಟಬೇಡಿ. ಆಮೇಲೆ ಮತ್ತೊಮ್ಮೆ ಓಮ್ ಅಳೆದು, ಎರಡು ಅಂಕಿಗಳನ್ನೂ ನನಗೆ ಬರೆದು ಕಳಿಸಿ.